ಟ್ರೆಬಲ್ ಗುಂಡಿಯ ವಿಭೂತಿ

"ಈ ಗುಂಡಿ ತಿರುವಿದ ಕೈ ಯಾರದು?"

ಇಂದ್ರವ್ವ ಕೇಳಿದ್ದು ಯಾರನ್ನೂ ಅಲ್ಲ. ನವಜ್ಯೋತಿ ಆರ್ಕೆಸ್ಟ್ರಾದ ತಾಲೀಮು ಹಾಲ್‌ನಲ್ಲಿ ಆಕೆಯ ಎದುರಿಗಿದ್ದದ್ದು ಮೊಣಕಾಲೆತ್ತರದ ಒಂದು ಗಿಟಾರ್ ಆಂಪ್ಲಿಫಾಯರ್ ಮಾತ್ರ. ಅದು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ವೈರು ಕಿತ್ತು ಪಕ್ಕಕ್ಕೆ ಸುತ್ತಿಟ್ಟಿತ್ತು.

ಬಾಗಿಲ ಬಳಿ ನಿಂತಿದ್ದ ಹಾಲಿನ ಕಾವಲುಗಾರ ಕರೆಪ್ಪ ಬೀಗದ ಕೈಯನ್ನು ಈ ಅಂಗೈಯಿಂದ ಆ ಅಂಗೈಗೆ ಹಾಕುತ್ತ, "ನನಗ ಕೇಳಿದ್ರೇನ್ರಿ ಅಕ್ಕಾರ?" ಎಂದ.

"ಇಲ್ಲ. ನಿನಗ ಆಮ್ಯಾಲೆ ಕೇಳತೀನಿ."

ನಾಲ್ಕು ದಿನದ ಹಿಂದೆ, ಮಹಾನವಮಿಯ ಇಳಿಹೊತ್ತು, ಮಗ್ಗದ ಶೆಡ್ಡಿನಲ್ಲಿ ಸಾವುಕಾರ ಗಿರಿಮಲ್ಲಪ್ಪನ ತಲೆಗೆ ಹಿಂದಿನಿಂದ ಏಟು ಹಾಕಿ, ಆತನ ಹೊಸ ಸೀರೆಯ ನಕ್ಷೆ ಕೊರೆದ ತೂತು ಕಾರ್ಡುಗಳನ್ನು ಯಾರೋ ಹೊತ್ತೊಯ್ದಿದ್ದರು. ಸಾವುಕಾರ ಮೀರಜದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ. ಆತನ ಮಗ್ಗದ ನೇಕಾರ, ಆರ್ಕೆಸ್ಟ್ರಾದ ಗಿಟಾರಿನವ ದಶರಥ, ಅನುಮಾನದ ಮೇಲೆ ಬನಹಟ್ಟಿಯ ಲಾಕಪ್‌ನಲ್ಲಿದ್ದ.

ಇಂದ್ರವ್ವ ಜಮಖಂಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷ. ಗಂಡ ಸತ್ತಾಗ ಅಂಗಡಿ ಮುಚ್ಚುತ್ತದೆ ಎಂದುಕೊಂಡಿದ್ದವರೆಲ್ಲ ಈಗ ತಮ್ಮ ರೇಡಿಯೋ ಆಕೆಯ ಹತ್ತಿರವೇ ತರುತ್ತಿದ್ದರು. ಈ ಹಿಂದೆ ಎರಡು ಪ್ರಕರಣಗಳಲ್ಲಿ ಪೊಲೀಸರಿಗೆ ಕೇಳಿಸದ್ದು ಆಕೆಗೆ ಕೇಳಿಸಿತ್ತು. ಅದಕ್ಕೇ ದಶರಥನ ವಕೀಲ ಕಾಮಣ್ಣ ಆಕೆಯನ್ನು ಕಳಿಸಿದ್ದ. ಮಧ್ಯಾಹ್ನ ಮೂರಕ್ಕೆ ಪೊಲೀಸ್ ಫೌಜದಾರರು ಈ ಹಾಲಿನ ಪಂಚನಾಮೆಗೆ ಬರುವವರಿದ್ದರು. ಗೋಡೆಯ ಗಡಿಯಾರ ಎರಡು ತೋರಿಸುತ್ತಿತ್ತು.

ಆಂಪ್ಲಿಫಾಯರಿನ ಹಣೆಯ ಮೇಲೆ ಸಾಲಾಗಿ ನಾಲ್ಕು ಗುಂಡಿ. ಎಡಗಡೆಯದು ವಾಲ್ಯೂಮ್. ಆಮೇಲೆ ಬಾಸ್, ಮಿಡಲ್, ಟ್ರೆಬಲ್. ದಪ್ಪ ದನಿ, ನಡುವಿನ ದನಿ, ಸಣ್ಣ ದನಿ. ಪ್ರತಿ ಗುಂಡಿಯ ಸುತ್ತ ಸೊನ್ನೆಯಿಂದ ಹತ್ತರವರೆಗೆ ಅಂಕಿ.

ನಾಲ್ಕರ ಮೇಲೂ ಹಾಯ್ದು, ಈ ತುದಿಯಿಂದ ಆ ತುದಿಗೆ, ವಿಭೂತಿಯ ಮೂರು ಗೆರೆ ಒಣಗಿ ಕೂತಿದ್ದವು. ಖಂಡೇಪೂಜೆಯ, ಮಹಾನವಮಿಯ ಆಯುಧಪೂಜೆಯ, ವಿಭೂತಿ. ನಡುವೆ ಒಂದು ಕುಂಕುಮದ ಬೊಟ್ಟು.

ಬಾಸ್ ಗುಂಡಿಯ ಮೇಲೆ ಗೆರೆಗಳು ತಗಡಿನಿಂದ ಗುಂಡಿಗೆ, ಗುಂಡಿಯಿಂದ ತಗಡಿಗೆ ಎಲ್ಲೂ ಕಡಿಯದೆ ಸಾಗಿದ್ದವು. ಮಿಡಲ್ ಮೇಲೂ ಹಾಗೆಯೇ. ವಾಲ್ಯೂಮಿನ ಮೇಲೆ ಮುರಿದಿದ್ದವು. ಟ್ರೆಬಲ್ ಮೇಲೆ ಬರುವಾಗ ಮೂರೂ ಗೆರೆ ಅಡ್ಡಕ್ಕಿರುವ ಬದಲು ಓರೆಯಾಗಿ ನಿಂತಿದ್ದವು. ಗುಂಡಿಯ ಮುಳ್ಳು ಸೊನ್ನೆಯ ಮೇಲೆ.

ಇಂದ್ರವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ.

ಮುಂಜಾನೆ ದಶರಥನ ತಾಯಿ ತಾಯವ್ವನ ಮನೆಗೆ ಹೋದಾಗ ಆಕೆ ಮಗ್ಗದ ಮುಂದಿದ್ದಳು. ಮಗ ಲಾಕಪ್‌ನಲ್ಲಿದ್ದರೂ ಮಗ್ಗಕ್ಕೇರಿಸಿದ ನೂಲಿನ ಹಾಸು ಅರ್ಧಕ್ಕೆ ಬಿಡುವಂತಿಲ್ಲ. ಹಳೆಯ ಪಾವರ್‌ಲೂಮ್, ಒಂದು ಪಕ್ಕದ ಏಟು ತುಸು ತಡವಾಗಿ ಬೀಳುತ್ತಿತ್ತು. ಧಡ್ ಧಡ್ ಧಡ್, ಒಂದು ಉಸಿರು ನಿಂತು, ಧಡ್. ಇಂದ್ರವ್ವನ ಕಿವಿ ಅಲ್ಲೇ ಎಡವಿತ್ತು. ಸಣ್ಣವಳಿದ್ದಾಗ ಮಠದಲ್ಲಿ ಪುರಾಣ ಓದುವವರ ಕಾಲ ಬಳಿ ಕೂತು ಬೆಳೆದವಳು. ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ಅರ್ಥ ತಿಳಿಯದಿದ್ದರೂ ಆಕೆಗೆ ಕಾಲಿಗೆ ಕಲ್ಲು ತಾಗಿದಂತಾಗುತ್ತಿತ್ತು.

"ಮಗ್ಗ ಕುಂಟಾಕತ್ತೈತಲ್ಲ ತಾಯವ್ವ?" ಎಂದು ಕೇಳಿದ್ದಳು.

"ಅದು ತಂದ ದಿನದಿಂದನೂ ಕುಂಟ. ನಮಗ ಅದ ರೂಢಿ ಆಗೇತಿ," ಎಂದಿದ್ದಳು ತಾಯವ್ವ.

ಪೂಜೆಯ ಸಂಗತಿಯನ್ನೂ ಆಕೆಯೇ ಹೇಳಿದ್ದಳು. ದಿನಾಲೂ ದಶರಥ ಟ್ರೆಬಲ್ ಗುಂಡಿಯನ್ನು ಒಂಬತ್ತರ ಮೇಲಿಟ್ಟು ನುಡಿಸುವವನು. ಬನಹಟ್ಟಿಯ ಮಗ್ಗಗಳ ನಡುವೆ ದಪ್ಪ ದನಿ ಮುಳುಗಿಹೋಗುತ್ತದೆ, ಸಣ್ಣ ದನಿಯೊಂದೇ ಸೀಳಿಕೊಂಡು ಬರುತ್ತದೆ. ಆದರೆ ಖಂಡೇಪೂಜೆಯ ದಿನ ಮಾತ್ರ ವಾಲ್ಯೂಮ್ ಸೊನ್ನೆಗಿಳಿಸಿ, ಉಳಿದ ಮೂರನ್ನೂ ಐದಕ್ಕೆ ತಂದು, ಮೂರು ಮುಳ್ಳುಗಳೂ ನೆಟ್ಟಗೆ ನಿಲ್ಲುವಂತೆ ಮಾಡುತ್ತಿದ್ದ. "ಮೂರು ದೀಪ ಹಚ್ಚಿದಂಗ ಕಾಣತಾವ ಯವ್ವಾ ಅಂತಿದ್ದ. ಅದರ ಮ್ಯಾಲೆ ನಾ ನನ್ನ ಮೂರು ಬಟ್ಟಿಲೆ ವಿಭೂತಿ ಎಳದೆ."

ಎಳೆದ ಮೇಲೆ ಮರುದಿನ ಬನ್ನಿ ಹಂಚುವವರೆಗೆ ಆಯುಧವನ್ನು ಯಾರೂ ಮುಟ್ಟುವುದಿಲ್ಲ. ಕತ್ತರಿಯಿಂದ ಹಿಡಿದು ಮಗ್ಗದವರೆಗೆ ಊರಿಗೆ ಊರೇ ಕೈ ಕಟ್ಟಿ ಕೂರುತ್ತದೆ.

ಆದರೆ ಅಂದು ಸಂಜೆ ನಾಲ್ಕರಿಂದ ನಾಲ್ಕೂವರೆಯವರೆಗೆ ಈ ಹಾಲಿನಿಂದ ಗಿಟಾರ್ ಕೇಳಿಸಿತ್ತು. ಇಡೀ ಓಣಿ ಕೇಳಿತ್ತು. ನುಡಿಸಿದವನು ನಾನೇ ಎಂದು ಸಾವುಕಾರರ ಅಣ್ಣನ ಮಗ ಶಿದ್ರಾಮಪ್ಪ ತಾನಾಗಿ ಒಪ್ಪಿಕೊಂಡಿದ್ದ. ಹಿರಿಯರು ಛೀ ಎಂದರು. ಆದರೆ ಪೂಜೆಗಿಟ್ಟದ್ದನ್ನು ಮುಟ್ಟಿದೆ ಎಂದು ಸುಳ್ಳೇ ಒಪ್ಪಿಕೊಂಡು ಊರವರ ಬಾಯಿಗೆ ಬೀಳುವವರು ಯಾರಿದ್ದಾರೆ? ಅದೇ ಅವನಿಗೆ ರಕ್ಷೆಯಾಗಿತ್ತು. ಅದೇ ಅರ್ಧ ತಾಸಿನಲ್ಲಿ ಸಾವುಕಾರನ ತಲೆ ಒಡೆದಿತ್ತು.

"ಕರೆಪ್ಪ, ಈಗ ನಿನಗ ಕೇಳತೀನಿ. ಆವತ್ತ ನೀ ಎಲ್ಲಿದ್ದಿ?"

"ಇಲ್ಲೆ, ಮುಂದಿನ ಕಟ್ಟಿ ಮ್ಯಾಲ ರೀ. ಸಣ್ಣ ಸಾವುಕಾರ್ರು ತಮ್ಮ ಗಿಟಾರು, ಒಂದ ಚೀಲಾ ತಗೊಂಡ ಬಂದ್ರು. ಒಳಗ ಚಿಲಕ ಹಾಕ್ಕೊಂಡ್ರು. ನಾ ಹೇಳೀನ್ರಿ, ಇವತ್ತ ಬ್ಯಾಡ್ರಿ ಅಂತ. ಕೇಳಲಿಲ್ಲ."

"ನಡುವ ನಿಲ್ಲಿಸಿದ್ನ?"

"ಇಲ್ರಿ. ಅರ್ಧ ತಾಸ ಒಂದ ಸವನೆ. ದಶರಥ ಆದ್ರ ಹಾಡಿಗೊಮ್ಮೆ ತಂತಿ ಬಿಗಿತಾನ, ಎರಡ ಸಲ ಚಾ ಕೇಳತಾನ. ಇವರು ಒಂದ ಸಲ ಕೆಮ್ಮಲೂ ಇಲ್ಲ."

"ಹಿತ್ತಲ ಬಾಗಲಾ?"

ಕರೆಪ್ಪನ ಕೈಯಲ್ಲಿ ಬೀಗದ ಕೈ ನಿಂತಿತು. "ಅದು... ಒಳಗಿನಿಂದ ತಗಿಯಾಕ ಬರತೈತ್ರಿ."

ಇಂದ್ರವ್ವ ಹೊರಗೆ ಬಂದಳು. ಪಕ್ಕದ ಮನೆಯ ಮುಂದೆ ಮುದುಕಿ ಸಾವಕ್ಕ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕಣ್ಣು ಮಂಜು. ಬೆರಳುಗಳಿಗೆ ಮಂಜಿಲ್ಲ.

"ಯಾರ ಬೇ?"

"ಜಮಖಂಡಿ ಇಂದ್ರವ್ವ. ರೇಡಿಯೋದಾಕಿ."

"ಆಂ, ನನ್ನ ಮಗನ ರೇಡಿಯೋ ಒಯ್ದು ಆರ ತಿಂಗಳ ಇಟ್ಕೊಂಡಿದ್ಯಲ್ಲ, ಆಕಿ ಏನ?"

"ನಿನ್ನ ಮಗಾ ಒಯ್ಯಾಕ ಬಂದದ್ದು ಆರ ತಿಂಗಳಿಗೆ, ಎಕ್ಕಾ."

ಸಾವಕ್ಕ ನಕ್ಕಳು. ನಾಲ್ಕು ಹಲ್ಲಿನ ನಗೆ. "ಕೇಳ ಬೇ ಏನ ಕೇಳತಿ."

"ಮಹಾನವಮಿ ದಿನಾ ಗಿಟಾರ ಹ್ಯಾಂಗ ಕೇಳಸ್ತು?"

"ಕೌದಿ ಹೊಚ್ಚಿದಂಗ. ಬಾಯಾಗ ಅರಬಿ ತುರುಕಿದಂಗ. ದಶರಥ ಆದ್ರ ತಲಿ ಮ್ಯಾಲ ಆಣಿಕಲ್ಲ ಬಿದ್ದಂಗ ಬಾರಸ್ತಾನ." ರಾಟೆ ಒಂದು ಸುತ್ತು ತಿರುಗಿತು. "ಅದ ಹೋಗಲಿ. ನಾ ಬೈದದ್ದು ಆ ಮಗ್ಗದವರಿಗೆ."

"ಯಾವ ಮಗ್ಗದವರಿಗೆ?"

"ಖಂಡೇಪೂಜಿ ದಿನಾ ಮಗ್ಗ ನಡಸಿದವರಿಗೆ ಬೇ. ಗಿಟಾರ ಕೆಳಗ ಧಡ್ ಧಡ್ ಅನ್ನಾಕತ್ತಿತ್ತು. ಗ್ವಾಡಿಗೆ ಬೆನ್ನ ಹಚ್ಚಿ ಕುಂತಿದ್ನೆಲಾ, ಬೆನ್ನಿಗೆ ಗೊತ್ತಾತು. ಯಾರ ಮನಿ ಹಾಳರು ಅಂತ ಬೈದೆ. ನನ್ನ ಸೊಸಿ, ಅತ್ತಿ ನಿನ್ನ ಕಿವ್ಯಾಗ ಮಗ್ಗ ಐತಿ ಅಂದ್ಲು."

ಇಂದ್ರವ್ವ ಕಟ್ಟೆಯ ಮೇಲೆ ಕೂತಳು. ಓಣಿಯ ಎರಡೂ ಕಡೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಈ ಓಣಿಗೆ ಬಂದಾಗಿನಿಂದ ಆಕೆಗೆ ಅದು ಕೇಳಿಸಿಯೇ ಇರಲಿಲ್ಲ. ಈ ಊರಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

"ಹ್ಯಾಂಗ ಬಡೀತಿತ್ತು? ಬಡದ ತೋರಸ."

ಸಾವಕ್ಕ ನೂಲು ಬಿಟ್ಟು ನೆಲಕ್ಕೆ ಅಂಗೈ ಹಚ್ಚಿದಳು. ಧಡ್ ಧಡ್ ಧಡ್. ಕೈ ಮೇಲೆಯೇ ನಿಂತಿತು, ಒಂದು ಉಸಿರಿನಷ್ಟು. ಧಡ್.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಮೆಟಡೋರ್ ಒಂದು ಹಾರ್ನ್ ಹಾಕುತ್ತ ತಿರುಗಿತು.

ಇಂದ್ರವ್ವ ಹಾಲಿನೊಳಗೆ ಬಂದು ಆಂಪ್ಲಿಫಾಯರಿಗೆ ಬೆನ್ನು ಕೊಟ್ಟು ನಿಂತದ್ದಕ್ಕೂ ಶಿದ್ರಾಮಪ್ಪ ಹೊಸ್ತಿಲು ದಾಟಿದ್ದಕ್ಕೂ ಸರಿಹೋಯಿತು. ಇಪ್ಪತ್ತೇಳರ ತರುಣ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬರಿ ಹಣೆ.

"ನಮಸ್ಕಾರ್ರಿ ರೇಡಿಯೋ ಅವ್ವಾರ. ಸ್ವಲ್ಪ ಸರೀರಿ. ಸಮೀರವಾಡಿ ಫ್ಯಾಕ್ಟರಿಯವರ ಕಾರ್ಯಕ್ರಮ ಐತಿ, ಆಂಪ್ಲಿಫಾಯರ್ ಒಯ್ಯಬೇಕು."

"ಮೂರಕ್ಕ ಫೌಜದಾರ್ರು ಬರತಾರ. ನೋಡಿದ ಮ್ಯಾಲ ಒಯ್ಯಿ, ತಮ್ಮಾ."

"ಇದು ನಮ್ಮ ಕಾಕಾ ಕೊಡಿಸಿದ್ದು. ನಿಮ್ಮ ಮನೀದಲ್ಲ."

"ಖರೆ. ಒಂದ ಮಾತ ಕೇಳತೀನಿ, ಹೇಳಿ ಒಯ್ಯಿ. ಟ್ರೆಬಲ್ ಸೊನ್ನಿಗೆ ಯಾಕ ತಂದಿ?"

ಶಿದ್ರಾಮಪ್ಪ ಆಕೆಯ ಹೆಗಲ ಮೇಲಿಂದ ಗುಂಡಿಗಳತ್ತ ನೋಡಿದ. ಮೊದಲ ಸಲ ನೋಡಿದಂತೆ ನೋಡಿದ. ಆಮೇಲೆ ನಕ್ಕ.

"ಇದಕ್ಕೇನ ದೊಡ್ಡ ವಿದ್ಯೆ ಬೇಕ್ರಿ? ಆವತ್ತ ಮಗ್ಗ ಬಂದ್ ಇದ್ದವು. ಊರ ತಣ್ಣಗಿತ್ತು. ಟ್ರೆಬಲ್ ಏರಿಸಿದ್ರ ಕಿವಿಗೆ ಸೂಜಿ ಚುಚ್ಚಿದಂಗ ಆಕೈತಿ. ಅದಕ್ಕ ಇಳಿಸಿದೆ."

ಒಳ್ಳೆಯ ಉತ್ತರ. ಸಾವಕ್ಕನ ಹತ್ತಿರ ಹೋಗುವ ಮೊದಲು ಕೇಳಿದ್ದರೆ ಇಂದ್ರವ್ವ ಇದನ್ನು ಒಪ್ಪಿ ಜಮಖಂಡಿಯ ಬಸ್ಸು ಹತ್ತುತ್ತಿದ್ದಳು.

"ಅಂದ್ರ ನೀ ಬಾರಸುವಾಗ ಯಾವ ಮಗ್ಗಾನೂ ನಡೀತಿದ್ದಿಲ್ಲ."

"ಖಂಡೇಪೂಜಿ ದಿನಾ ಯಾರ ನಡಸ್ತಾರ್ರಿ?"

"ಒಂದೂ ಇಲ್ಲ?"

"ಒಂದೂ ಇಲ್ಲ. ಬೇಕಾದ್ರ ಬರದ ಕೊಡ್ತೀನಿ."

"ಕರೆಪ್ಪ, ಕೇಳಿದ್ಯಲ್ಲ?" ಎಂದಳು ಇಂದ್ರವ್ವ. ಕರೆಪ್ಪ ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿದಂತಿರಲಿಲ್ಲ.

ಇಂದ್ರವ್ವ ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ ಅಂಗೈಯಿಂದ ಬಡಿದಳು. ಧಡ್ ಧಡ್ ಧಡ್. ತಡೆದಳು. ಧಡ್. ಇನ್ನೊಮ್ಮೆ ಬಡಿದಳು.

ಹೊರಗಿನಿಂದ ಸಾವಕ್ಕನ ದನಿ ಬಂತು. "ಅದ ಬೇ, ಅದ. ಆವತ್ತಿಂದು."

ಶಿದ್ರಾಮಪ್ಪನ ನಗೆ ಮುಖದ ಮೇಲೆಯೇ ಇತ್ತು, ಆದರೆ ಅದರ ಹಿಂದೆ ಯಾರೂ ಇರಲಿಲ್ಲ.

"ಕಣ್ಣಿಲ್ಲದ ಮುದುಕಿ," ಎಂದ.

"ಬೆನ್ನೈತಿ. ಐವತ್ತ ವರ್ಷ ಕಂಡಿಕಿ ಸುತ್ತಿದಾಕಿ, ಮಗ್ಗ ಯಾವುದು ಮಳಿ ಯಾವುದು ಗೊತ್ತಿರತೈತಿ." ಇಂದ್ರವ್ವ ಮರಳಿ ಆಂಪ್ಲಿಫಾಯರಿನ ಮುಂದೆ ಬಂದಳು. "ನಿನಗ ನಾ ಹೇಳತೀನಿ ಕೇಳ ತಮ್ಮಾ. ಆವತ್ತ ಇದರಾಗ ಗಿಟಾರ ನುಡೀಲಿಲ್ಲ, ಕ್ಯಾಸೆಟ್ ನುಡೀತು. ಚೀಲದಾಗ ಟೇಪ್ ರಿಕಾರ್ಡರ್ ತಂದಿದ್ದಿ. ದಶರಥ ಬಾರಸಿದ್ದ ಕ್ಯಾಸೆಟ್ ಹಾಕಿ, ವೈರ್ ಇದಕ್ಕ ಚುಚ್ಚಿ, ಹಿತ್ತಲ ಬಾಗಲದಿಂದ ಹ್ವಾದಿ. ಕ್ಯಾಸೆಟ್‌ನ ಒಂದ ಮಗ್ಗಲಕ್ಕ ಅರ್ಧ ತಾಸ. ನಿಮ್ಮ ಕಾಕಾನ ಶೆಡ್ಡಿಗೆ ಹತ್ತ ಮಿನಿಟಿನ ಹಾದಿ."

"ಕತಿ ಛಲೋ ಐತಿ."

"ಇನ್ನೂ ಐತಿ. ಆ ಕ್ಯಾಸೆಟ್ ತುಂಬಿಸಿದ್ದು ದಶರಥನ ಮನ್ಯಾಗ, ಅವರ ಕುಂಟ ಮಗ್ಗ ನಡೀವಾಗ. ಬನಹಟ್ಟ್ಯಾಗ ಕ್ಯಾಸೆಟ್ ತುಂಬಿಸಿದ್ರ ಮಗ್ಗ ಬರದ ಇರತೈತೇನ? ದಿನಾ ಅದನ್ನ ಕೇಳಿದ್ರ ಯಾರಿಗೂ ತಿಳೀದುಲ್ಲ, ಹೊರಗೂ ಅದ, ಒಳಗೂ ಅದ. ಆದ್ರ ನೀ ಹಚ್ಚಿದ್ದು ವರ್ಷಕ್ಕೊಮ್ಮೆ ಊರ ಬಾಯಿ ಮುಚ್ಚೂ ದಿನಾ. ಹಚ್ಚಿದ ಕೂಡ್ಲೆ ಲಾಳಿ ಟಕ್ ಟಕ್ ಅಂತ ಕೇಳಸ್ತು. ಹೆದರಿದಿ. ಟ್ರೆಬಲ್ ಸೊನ್ನಿಗೆ ತಂದಿ. ಟಕ್ ಟಕ್ ಹ್ವಾತು."

ಆಕೆ ಬೆರಳು ಮುಂದೆ ಚಾಚಿ, ಮುಟ್ಟದೆ, ಬಾಸ್ ಗುಂಡಿಯ ಮೇಲಿನ ಕಡಿಯದ ಗೆರೆಗಳನ್ನು ಗಾಳಿಯಲ್ಲೇ ಎಳೆದಳು.

"ಧಡ್ ಧಡ್ ಉಳೀತು. ಅದು ಇಲ್ಲಿತ್ತು. ಇದನ್ನ ನೀ ಮುಟ್ಟಲಿಲ್ಲ. ನಿನ್ನ ಕಿವಿ ಬನಹಟ್ಟಿ ಕಿವಿ, ಧಡ್ ಧಡ್ ಅನ್ನೂದು ಅದಕ್ಕ ಸಪ್ಪಳ ಅನಸೂದ ಇಲ್ಲ. ಒಂದ ಗುಂಡಿ ತಿರುವಿದ್ರ ಎಲ್ಲಾ ಮುಚ್ಚತೈತಿ ಅಂತ ತಿಳದಿ. ಈ ಗುಂಡಿಗೋಳು ಒಂದಿಷ್ಟು ಕಡಿಮಿ ಮಾಡತಾವ, ಹೆಚ್ಚ ಮಾಡತಾವ. ಆದದ್ದನ್ನ ಆಗಿಲ್ಲ ಅನ್ನಸೂದಿಲ್ಲ."



ಶಿದ್ರಾಮಪ್ಪ ಜೇಬಿನಿಂದ ಕರವಸ್ತ್ರ ತೆಗೆದ. ನಿಧಾನವಾಗಿ ಮಡಿಕೆ ಬಿಚ್ಚಿದ. "ಧೂಳ ಭಾಳ ಕುಂತೈತಿ. ಕಾರ್ಯಕ್ರಮಕ್ಕ ಒಯ್ಯೂ ಸಾಮಾನು, ಒರಸಿ ಒಯ್ಯಬೇಕು," ಎನ್ನುತ್ತ ಮುಂದೆ ಬಂದ.

ಇಂದ್ರವ್ವ ಸರಿಯಲಿಲ್ಲ. ಐದಡಿಯ ಹೆಂಗಸು. ಅವನ ಅಂಗಿಯ ಮೂರನೆಯ ಗುಂಡಿಗೆ ಆಕೆಯ ಹಣೆಯ ವಿಭೂತಿ ಬರುತ್ತಿತ್ತು.

"ಜಮಖಂಡ್ಯಾಗ ನಿಮ್ಮ ಅಂಗಡಿ ಯಾರ ಜಾಗಾದಾಗ ಐತಿ, ನೆನಪೈತೇನ್ರಿ?" ಎಂದ ಶಿದ್ರಾಮಪ್ಪ ಮೆಲ್ಲಗೆ.

"ನಿಮ್ಮ ಕಾಕಾನ ಜಾಗಾದಾಗ."

"ಕಾಕಾ ಏಳಲಿಲ್ಲಂದ್ರ?"

"ನಿನ್ನ ಜಾಗಾ ಆಕೈತಿ. ನನ್ನ ಅಂಗಡಿ ಅಂದ್ರ ಒಂದ ಮೇಜು, ಒಂದ ಸೋಲ್ಡರ್ ಕಡ್ಡಿ ತಮ್ಮಾ. ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗ ಹಾಕ್ಕೊಂಡ ಕುಂದ್ರತೀನಿ. ನನ್ನ ಕಿವಿ ನಿಮ್ಮ ಜಾಗಾದಾಗಿಲ್ಲ. ನೀ ಈಗ ಒರಸಬೇಕಂದ್ರ ನನ್ನ ದೂಡಿ ಒರಸಬೇಕು. ಕರೆಪ್ಪ ನೋಡತಾನ. ಸಾವಕ್ಕ ಕೇಳತಾಳ. ದೂಡತೀ?"

ಕರೆಪ್ಪ ಅದುವರೆಗೆ ಹೊಸ್ತಿಲ ಹೊರಗಿದ್ದವನು ಒಂದು ಹೆಜ್ಜೆ ಒಳಗೆ ಬಂದ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಖಾಲಿ ಮಾಡಿಕೊಂಡು ನಿಂತ.

ಶಿದ್ರಾಮಪ್ಪ ಅವನನ್ನೂ ಆಕೆಯನ್ನೂ ನೋಡಿದ. ಕರವಸ್ತ್ರವನ್ನು ಮತ್ತೆ ಮಡಚಿ ಜೇಬಿಗೆ ಹಾಕಿದ. ಅವನ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಅದು ಇಂದ್ರವ್ವನಿಗೆ ಸೇರಲಿಲ್ಲ.

"ಆತು, ಕ್ಯಾಸೆಟ್ ಅಂತ ಹಿಡೀರಿ," ಎಂದ. "ದಶರಥ ತನ್ನ ಮನ್ಯಾಗ ತುಂಬಿಸಿದ ಕ್ಯಾಸೆಟ್ ನನ್ನ ಕೈಗೆ ಹ್ಯಾಂಗ ಬಂತು? ನಾ ಅವನ ಮನಿ ಮೆಟ್ಟಲಾ ತುಳದು ವರ್ಷ ಆತು. ಬೇಕಾದ್ರ ಇಲ್ಲೇ ಕೇಳ್ರಿ."

ಅವನ ಗದ್ದ ಬಾಗಿಲ ಕಡೆ ಎದ್ದಿತು.

ತಾಯವ್ವ ನಿಂತಿದ್ದಳು. ಯಾವಾಗ ಬಂದಳೋ ಯಾರಿಗೂ ಗೊತ್ತಿಲ್ಲ. ಬಗಲಲ್ಲಿ ಮಗನಿಗೆ ಕಟ್ಟಿದ ರೊಟ್ಟಿಯ ಗಂಟು. ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗಿನ ನೀರಿನ ಮಡಕೆಯಲ್ಲಿ ಅದ್ದಿಕೊಂಡೇ ಒಳಗೆ ಬಂದಿದ್ದಳು.

"ನೀವ ಹೋಗ್ರಿ ಸಣ್ಣ ಸಾವುಕಾರ," ಎಂದಳು. "ನಾ ಮಾಡತೀನಿ."

ಶಿದ್ರಾಮಪ್ಪ ಹೋದ. ಆದರೆ ಮೆಟಡೋರ್ ಚಾಲೂ ಮಾಡಲಿಲ್ಲ. ಹೊರಗೆ ಕಾಯುತ್ತಿದ್ದ.

"ಏನ ಮಾಡತಿ, ತಾಯವ್ವ?"

"ಒರಸತೀನಿ." ಆಕೆ ಗಂಟನ್ನು ನೆಲಕ್ಕಿಟ್ಟಳು. "ಕ್ಯಾಸೆಟ್ ನಾನ ಕೊಟ್ಟೀನಿ. ಯಾಕಂತ ಕೇಳಬ್ಯಾಡ್ರಿ, ನಿಮ್ಮ ಕಾಲ ಹಿಡೀತೀನಿ. ವಿಭೂತಿ ಹಚ್ಚಿದಾಕಿ ನಾ. ಒರಸಾಕ ಯಾರನ್ನೂ ಕೇಳೂ ಕಾರಣ ಇಲ್ಲ ನನಗ."

"ಇದ ಅಳಿಸಿದ್ರ ನಿನ್ನ ಮಗಾ ಹೊರಗ ಬರೂದಿಲ್ಲ."

"ಗೊತ್ತೈತಿ."

"ಗೊತ್ತಿದ್ದೂ?"

ತಾಯವ್ವನ ಕಣ್ಣಲ್ಲಿ ನೀರಿರಲಿಲ್ಲ. ಮುಂಜಾನೆ ಮಗ್ಗದ ಮುಂದೆ ಹೇಗಿದ್ದಳೋ ಹಾಗೆಯೇ ಇದ್ದಳು. "ಒಳಗ ಇರಲಿ, ಯವ್ವಾ. ಒಳಗಿದ್ರ ಜೀವಂತರೆ ಇರತಾನ. ಹೊರಗ ಬಂದ್ರ ನಾಕ ದಿನಾ ಉಳಸೂದಿಲ್ಲ ಅವನ್ನ."

"ಯಾರ ಉಳಸೂದಿಲ್ಲ? ಇವನಾ?"

ಆಕೆ ಅಲ್ಲ ಎನ್ನುವಂತೆ ತಲೆ ಆಡಿಸಿದಳು. "ಇವನ ಹಿಂದ ಇದ್ದವರು. ಹೆಸರ ಕೇಳಬ್ಯಾಡ್ರಿ," ಎಂದಳು. ಗಡಿಯಾರ ಮೂರಕ್ಕೆ ಹತ್ತು ನಿಮಿಷ ಉಳಿದಿದೆ ಎನ್ನುತ್ತಿತ್ತು. ದೂರದಲ್ಲಿ ಜೀಪಿನ ಸದ್ದು ಕೇಳಿಸಿತು, ಅಥವಾ ಕೇಳಿಸಿದಂತೆ ಆಯಿತು.

ತಾಯವ್ವ ಒದ್ದೆ ಸೆರಗನ್ನು ಅಂಗೈಗೆ ಸುತ್ತಿಕೊಂಡು ಮುಂದೆ ಬಂದಳು. ಶಿದ್ರಾಮಪ್ಪನ ಮುಂದೆ ಅಲುಗದ ಇಂದ್ರವ್ವನ ಎದೆ ಈಗ ಹೊಡೆದುಕೊಳ್ಳುತ್ತಿತ್ತು. ಮೂರು ಹೊಡೆತ, ಒಂದು ತಡೆ, ಮತ್ತೆ ಒಂದು. ಎದುರಿಗಿದ್ದದ್ದು ತಾಯಿ. ಹಚ್ಚಿದ್ದು ಆಕೆಯ ಮೂರು ಬೆರಳು.

"ಸರೀರಿ ಇಂದ್ರವ್ವಾರ. ನಾ ನಿಮ್ಮನ್ನ ಬೇಡಿಕೊಂತೀನಿ. ಇಷ್ಟ ಒರಸಿಕೊಂಡ ಹೋಗತೀನಿ."

ಇಂದ್ರವ್ವ ಆ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೆರಗಿನ ನೀರು ಮಣಿಕಟ್ಟಿನ ಗುಂಟ ಇಳಿಯಿತು.

"ಇಲ್ಲ ತಾಯವ್ವ," ಎಂದಳು. "ಒರಸಾಕ ನಾ ಬಿಡೂದಿಲ್ಲ."